ಹುಮನಾಬಾದಿನ ಜಪಾನಿನಾಕಿ

ಬಸವಕಲ್ಯಾಣದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಏಕನಾಥನಿಗೆ ನಲವತ್ಮೂರು ತುಂಬಿದ ವಾರವೇ ಆ ಅವಘಡ ನಡೆಯಿತು. ಯಾವುದೋ ಪ್ರಮಾಣಪತ್ರಕ್ಕೆಂದು ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಕಿಟಕಿಯಲ್ಲಿ ತಲೆ ಹಾಕಿ, "ಅಜ್ಜಾರ, ಸಾಹೇಬರು ಅದಾರೇನ್ರಿ?" ಎಂದು ಕೇಳಿದಳು. ಕಾಕಾ ಎಂದಿದ್ದರೆ ಆತ ನುಂಗಿಕೊಳ್ಳುತ್ತಿದ್ದ. ಮಾಮಾ ಎಂದಿದ್ದರಂತೂ ತಾನೇ ಎದ್ದು ಹೋಗಿ ಸಾಹೇಬರನ್ನು ಕರೆತರುತ್ತಿದ್ದ. ಅಜ್ಜ ಎಂಬ ಶಬ್ದ ಮಾತ್ರ ಹುಣಸೆಬೀಜದ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

"ಸಾಹೇಬರೂ ಇಲ್ಲ, ಅಜ್ಜಾರೂ ಇಲ್ಲ," ಎಂದು ಕಿಟಕಿ ಮುಚ್ಚಿಬಿಟ್ಟ.

ಅದೇ ದಿನ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೊ ಕಂಡಿತು. ಬಿಳಿ ಗಡ್ಡದ ಇಂಗ್ಲಿಷ್ ಮುದುಕನೊಬ್ಬ ಚರ್ಮದ ಜಾಕೀಟು ತೊಟ್ಟು, ಹಳೆಯ ಜಪಾನಿ ಮೋಟರ್‌ಸೈಕಲ್ಲಿನ ಮೇಲೆ ಪೂರ್ತಿ ಮುಂದಕ್ಕೆ ಬಾಗಿ, ಗುಡ್ಡದ ರಸ್ತೆಯಲ್ಲಿ ಗಾಳಿಯ ಹಾಗೆ ಹೋಗುತ್ತಿದ್ದ. ಗಾಡಿಗೆ ಕುಳ್ಳ ಹ್ಯಾಂಡಲ್, ಒಬ್ಬನೇ ಕೂರುವ ಸೀಟು, ಆ ಸೀಟಿನ ಹಿಂದೆ ಒಂದು ಸಣ್ಣ ಡುಬ್ಬ. ಇಂಥದ್ದಕ್ಕೆ 'ಕೆಫೆ ರೇಸರ್' ಎನ್ನುತ್ತಾರೆಂದೂ, ಹಳೆಯ ಗಾಡಿಯನ್ನೇ ಕೊಯ್ದು ಹೀಗೆ ಮಾಡಿಕೊಳ್ಳುತ್ತಾರೆಂದೂ, ಮುದುಕನಿಗೆ ಎಪ್ಪತ್ತು ವರ್ಷವೆಂದೂ ಕೆಳಗೆ ಬರೆದಿತ್ತು. ಏಕನಾಥ ಲೆಕ್ಕ ಹಾಕಿದ. ಎಪ್ಪತ್ತರವನು ಈ ಗಾಡಿಯ ಮೇಲೆ ಇಪ್ಪತ್ತೈದರವನ ಹಾಗೆ ಕಾಣುತ್ತಾನೆ. ಅಂದರೆ ನಲವತ್ತೈದು ವರ್ಷ ಇಳಿಯಿತು. ಆ ಲೆಕ್ಕದಂತೆ ಏಕನಾಥ ಇನ್ನೂ ಹುಟ್ಟಿಯೇ ಇರಲಿಲ್ಲ.

ಹಳೆಯ ಜಪಾನಿ ಗಾಡಿಗಾಗಿ ಆತ ದೂರ ಹುಡುಕಬೇಕಾಗಿರಲಿಲ್ಲ. ಮನೆಯ ಹಿಂದಿನ ತಗಡಿನ ಪತ್ರಾಸಿನಡಿ ಒಂದು ನಿಂತಿತ್ತು. ಅದು ಹುಲಸೂರಿನ ಮಾವನದು. ಧಾನ್ಯದ ವ್ಯಾಪಾರಿಯಾಗಿದ್ದ ಮಾವ ೧೯೮೬ರಲ್ಲಿ ಹೈದರಾಬಾದಿಗೆ ಹೋಗಿ ತಂದ ಯಮಹಾ ಆರ್‌ಎಕ್ಸ್ ಹಂಡ್ರೆಡ್. ಅದರ ಎಂಜಿನ್ ನೇರ ಜಪಾನಿನಿಂದ ಬಂದದ್ದು ಎಂದು ಸಾಯುವತನಕ ಹೇಳುತ್ತಿದ್ದರು. ಹುಲಸೂರಿನಲ್ಲಿ ಮೋಟರ್‌ಸೈಕಲ್ಲಿನ ಹಿಂದೆ ಕೂತ ಮೊದಲ ಹೆಂಗಸು ತಾನು ಎಂದು ಅತ್ತೆ ಸುಮನಬಾಯಿ ಇಂದಿಗೂ ಹೇಳುತ್ತಿದ್ದಳು. ಹೆಂಡತಿಯ ಸೀರೆ ಚಕ್ರಕ್ಕೆ ಸಿಕ್ಕದಿರಲೆಂದು ಮಾವ ಕಮಲದ ಹೂವಿನ ವಿನ್ಯಾಸದ ಕಬ್ಬಿಣದ ಜಾಳಿಗೆ ಮಾಡಿಸಿದ್ದರು. ಸೀಟಿಗೆ ಸುಮನಬಾಯಿ ತನ್ನ ಕೈಯಾರೆ ನೀಲಿ ರೆಕ್ಸಿನ್ ಹೊಲಿದಿದ್ದಳು. ಮಾವ ತೀರಿಕೊಂಡ ಮೇಲೆ ಗಾಡಿಯನ್ನು ಅಳಿಯನಿಗೆ ಒಪ್ಪಿಸುತ್ತ, "ಒರಿಸಿ ಇಟ್ಕೋರಿ, ಅವರ ನೆನಪಿಗೆ," ಎಂದಿದ್ದಳು. ಕೊಯ್ಯಿರಿ ಎಂದಿರಲಿಲ್ಲ. ಕೊಯ್ಯಬೇಡಿ ಎಂದೂ ಇರಲಿಲ್ಲ. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಈ ಎರಡನೆಯದು ಸಾಕಿತ್ತು.

ಬಸವಕಲ್ಯಾಣದ ಮೆಕ್ಯಾನಿಕ್ಕರೆಲ್ಲ ಮಾವನ ಗುರುತಿನವರು. ಆದ್ದರಿಂದ ಹೆಂಡತಿ ಉಜ್ವಲಾಳಿಗೆ "ಸರ್ವಿಸಿಂಗಿಗೆ ಕೊಟ್ಟು ಬರ್ತೀನಿ" ಎಂದು ಹೇಳಿ, ಗಾಡಿಯನ್ನು ಟೆಂಪೊದಲ್ಲಿ ಹಾಕಿಕೊಂಡು ಹುಮನಾಬಾದಿಗೆ ಒಯ್ದ. ಅಲ್ಲಿ ಹೆದ್ದಾರಿಯ ಪಕ್ಕ ಲಾಲ್ ಅಹ್ಮದ್ ಎಂಬವನ ಗ್ಯಾರೇಜಿತ್ತು. ಮೂವತ್ತು ವರ್ಷ ಲಾರಿಗಳನ್ನೇ ಬಿಚ್ಚಿ ಜೋಡಿಸಿದ ಕೈ. ಎರಡು ಗಾಲಿಯದನ್ನು ನೋಡಿದರೆ ಆತನಿಗೆ ಕೂಸನ್ನು ನೋಡಿದಷ್ಟು ಅಕ್ಕರೆ.

"ಕೆಫೆ ರೇಸರ್ ಅಂದ್ರೇನ್ರಿ ಸಾಬ್?" ಎಂದು ಲಾಲ್ ಅಹ್ಮದ್ ಕೇಳಿದ.

"ಇಂಗ್ಲೆಂಡಿನಾಗ ಹಿಂದಕ ಹುಡುಗೋರು ಒಂದು ಚಹಾದಂಗಡಿಯಿಂದ ಇನ್ನೊಂದು ಚಹಾದಂಗಡಿಗೆ ಗಾಡಿ ಮ್ಯಾಲೆ ರೇಸ್ ಹಚ್ಚತಿದ್ರಂತ. ಅದಕ್ಕ ಆ ಹೆಸರು."

ಲಾಲ್ ಅಹ್ಮದ್ ನಟ್ಟು ಬಿಚ್ಚುವ ಪಾನಾದಿಂದ ತಲೆ ಕೆರೆದುಕೊಂಡ. "ಮೊದಲನೇ ಅಂಗಡಿ ಚಹಾ ಛಲೋ ಇರಲಿಲ್ಲೇನ್ರಿ?"

ಏಕನಾಥ ಮಾತು ಬದಲಿಸಿ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಹ್ಯಾಂಡಲ್ ಇಳಿಸು, ಹಿಂದಿನ ಸೀಟು ತೆಗಿ, ಜಾಳಿಗಿ ತೆಗಿ, ಡುಬ್ಬ ಕೂಡಿಸು ಎಂದ. ಲಾಲ್ ಅಹ್ಮದ್ ತಲೆಯಾಡಿಸಿದ. ಹೀಗೆ ಶುರುವಾದ ಕೆಲಸ ಎಂಟು ತಿಂಗಳು ನಡೆಯಿತು. ಗಾಡಿ ಎಲ್ಲಿ ಎಂದು ಉಜ್ವಲಾ ಕೇಳಿದಾಗಲೆಲ್ಲ ಏಕನಾಥ ಬಿಡಿಭಾಗ ಬಂದಿಲ್ಲ ಎನ್ನುತ್ತಿದ್ದ.

ಈ ಎಂಟು ತಿಂಗಳಲ್ಲಿ ಒಂದು ಭಾಷಾಪ್ರಮಾದ ಸಂಭವಿಸಿತು; ಕಥೆಗೆ ಮೂಲ ಅದೇ. ಉರ್ದುವಿನಲ್ಲಿ ಗಾಡಿ ಹೆಣ್ಣು. ಲಾಲ್ ಅಹ್ಮದ್ ಮನೆಯಲ್ಲಿ ದಖನಿ ಮಾತಾಡುವವನು, ಕನ್ನಡಕ್ಕೆ ಬಂದಾಗಲೂ ಗಾಡಿಯನ್ನು 'ಅದು' ಎನ್ನಲು ಆತನ ನಾಲಗೆ ಒಪ್ಪುತ್ತಿರಲಿಲ್ಲ. "ಆಕಿ ಬಂದಳು, ಆಕಿ ಕೆಮ್ಮಿದಳು" ಎಂದೇ ಹೇಳುತ್ತಿದ್ದ. ವಾರಕ್ಕೊಮ್ಮೆ ಹೋಗಿ ಕೂತು ಕೂತು ಏಕನಾಥನೂ 'ಆಕಿ' ಎನ್ನತೊಡಗಿದ. ಹಾಗೆನ್ನುವಾಗ ತಾನೊಬ್ಬ ಪಳಗಿದ ಗಾಡಿಗಾರನೆಂಬ ಹೆಮ್ಮೆಯೂ ಆಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಲಾಲ್ ಅಹ್ಮದನಿಂದ ಮೊಬೈಲಿಗೆ ಧ್ವನಿಸಂದೇಶ ಬಂತು. ಹೆಂಡತಿಗೆ ಕೇಳಿಸಬಾರದೆಂದು ಏಕನಾಥ ಮಾಳಿಗೆ ಹತ್ತಿ ಅದನ್ನು ಹಚ್ಚಿದ. ಆತನ ಮೊಬೈಲು ಒಮ್ಮೆ ನೀರಿಗೆ ಬಿದ್ದಾಗಿನಿಂದ ಪಿಸುಮಾತು ಆಡುವುದನ್ನು ಬಿಟ್ಟಿತ್ತು. ಮಾತಾಡಿದರೆ ಓಣಿಗೆ ಕೇಳುವಂತೆಯೇ ಮಾತಾಡುತ್ತಿತ್ತು. ಪಕ್ಕದ ಮಾಳಿಗೆಯ ಮೇಲೆ ಮೀರಾಬಾಯಿ ಶಾವಿಗೆ ಒಣಹಾಕುತ್ತ, ಗೋಡೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ಸಲಾಂ ಸಾಬ್. ಇವತ್ತ ಮುಂಜಾನೆ ಆಕಿ ಭಾಳ ತ್ರಾಸ ಕೊಟ್ಟಳ್ರಿ. ಹತ್ತು ಸಲ ಒದ್ದೆ, ಏಳಲಿಲ್ಲ. ಇಪ್ಪತ್ತು ಸಲ ಒದ್ದೆ, ಕೆಮ್ಮಿ ಮತ್ತ ಮಲಗಿದಳು. ಆಮ್ಯಾಲೆ ಸ್ವಲ್ಪ ಎಣ್ಣಿ ಹಾಕಿದೆ ನೋಡ್ರಿ, ಎದ್ದಕೀನೇ ಹೊಗಿ ಬಿಡಾಕ ಸುರು ಮಾಡಿದಳು! ಏನs ಅನ್ರಿ, ಜಪಾನದಾಕಿ ಜಪಾನದಾಕೀನೇ. ನಲವತ್ತು ವರ್ಷ ಆದ್ರೂ ದನಿ ಏನು ಖಡಕ್ ಅದ! ಆದ್ರ ಇಲ್ಲಿ ಜಾಗ ಇಲ್ರಿ ಸಾಬ್, ಪಾಪ, ಎಂಟು ತಿಂಗಳಿಂದ ಒಂದs ಕಾಲ ಮ್ಯಾಲೆ ನಿಂತಾಳ. ಮನ್ಯಾಗಿನ ಬಾಯಿಸಾಬರಿಗೆ ಈಗs ಹೇಳಬ್ಯಾಡ್ರಿ. ಒಮ್ಮಿಗೇ ತಂದು ಮನಿ ಬಾಗಲದಾಗ ನಿಲ್ಲಸೋಣು."

ಏಕನಾಥ ಮುಗುಳ್ನಕ್ಕು ಕೆಳಗಿಳಿದ. ಮೀರಾಬಾಯಿ ಶಾವಿಗೆಯನ್ನು ಕಾಗೆಗಳಿಗೆ ಬಿಟ್ಟು ಕೆಳಗಿಳಿದಳು.

ಮಧ್ಯಾಹ್ನದೊಳಗೆ ಓಣಿಗೆ ಸುದ್ದಿ ಮುಟ್ಟಿತು. ಏಕನಾಥ ಹುಮನಾಬಾದಿನಲ್ಲಿ ಜಪಾನಿನವಳೊಬ್ಬಳನ್ನು ಇಟ್ಟಿದ್ದಾನೆ. ವಯಸ್ಸು ನಲವತ್ತು. ಒದೆಯುತ್ತಾರೆ. ಎಣ್ಣೆ ಕುಡಿಸುತ್ತಾರೆ. ಒಂದೇ ಕಾಲ ಮೇಲೆ ನಿಲ್ಲಿಸುತ್ತಾರೆ. ಓಣಿಯ ಗಂಡಸರು ಆಕೆಗೆ ಕನ್ನಡ ಬರುತ್ತದೆಯೋ ಇಲ್ಲವೋ ಎಂದು ಚರ್ಚೆಗಿಳಿದರು. ಇದ್ದಕ್ಕಿದ್ದಂತೆ ಏಕನಾಥನನ್ನು ಕಂಡರೆ ಎದ್ದು ನಿಲ್ಲತೊಡಗಿದರು. ಹೆಂಗಸರು ಅಷ್ಟು ಸುಲಭಕ್ಕೆ ಸೋಲಲಿಲ್ಲ. ಮೊದಲರ್ಧ ಗಂಟೆ ಜಪಾನಿನವಳನ್ನು ಬೈದರು. ಒಂದು ಕಾಲಿನ ವಿಷಯ ಬಂದ ಮೇಲೆ ಅವರ ಕರುಳು ಚುರ್ರೆಂದಿತು. ಸಂಜೆಯ ಹೊತ್ತಿಗೆ ಜಪಾನಿನವಳು ಬಡಪಾಯಿ ಹೆಣ್ಣಾಗಿದ್ದಳು, ಏಕನಾಥ ರಾಕ್ಷಸನಾಗಿದ್ದ.

ಅಂದು ಊಟಕ್ಕೆ ಕೂತರೆ ತಾಟಿನಲ್ಲಿ ಒಂದು ಒಣ ರೊಟ್ಟಿ ಬಿಟ್ಟು ಬೇರೇನೂ ಇರಲಿಲ್ಲ. ಉಜ್ವಲಾ ಗೋಡೆಗೆ ಒರಗಿ ನಿಂತಿದ್ದಳು.

"ಎಂಟು ತಿಂಗಳಿಂದ ನನ್ನ ಕಡಿಂದ ಮುಚ್ಚಿಟ್ಟೀರಿ."

ಏಕನಾಥನ ರೊಟ್ಟಿ ಕೈಯಲ್ಲೇ ಉಳಿಯಿತು. "ಯಾರು ಹೇಳಿದ್ರು ನಿನಗ?"

"ಯಾರರೆ ಹೇಳ್ಲಿ. ಖರೇ ಹೌದೋ ಅಲ್ಲೋ?"

"ಹೌದು. ಹೇಳಬೇಕಂತನs ಇದ್ದೆ. ಆದ್ರ ಆಕಿ ಪೂರಾ ತಯಾರಾದ ಮ್ಯಾಲೆ ಒಮ್ಮಿಗೇ ತಂದು ಬಾಗಲದಾಗ ನಿಲ್ಲಿಸಿ..."

"ಬಾಗಲದಾಗ?"

"ಮತ್ತ? ಮನಿ ಒಳಗ ಜಾಗ ಎಲ್ಲದ? ಒಂದು ಸಲ ನೋಡು ಉಜ್ವಲಾ, ನೀನೂ ಮೆಚ್ಚತಿ. ಆರತಿ ಮಾಡತಿ."

ಉಜ್ವಲಾಳ ಮೂಗಿನ ಹೊಳ್ಳೆಗಳು ಅಗಲವಾದವು. "ನಾ ಎಲ್ಲಿ ಹೋಗಲಿ ಹಂಗಾರ?"

ಈ ಪ್ರಶ್ನೆಯನ್ನು ಏಕನಾಥ ಎಂಟು ತಿಂಗಳಿನಿಂದ ನಿರೀಕ್ಷಿಸುತ್ತಿದ್ದ. ಹಿಂದಿನ ಸೀಟು ತೆಗೆಸಿದ್ದು ಅವಳಿಗೆ ತಿಳಿದುಹೋಗಿದೆ! ತಲೆ ತಗ್ಗಿಸಿ ಹೇಳಿದ, "ಅದೊಂದು ತಪ್ಪಾಗ್ಯದ ನೋಡು. ಆಕಿ ಮ್ಯಾಲೆ ಒಬ್ಬರಿಗಷ್ಟs ಜಾಗ. ನಿನಗ ಬಸ್ಸದಲ್ಲ."

ಉಜ್ವಲಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತುಸು ಹೊತ್ತಿಗೆ ಆಕೆ ಹುಲಸೂರಿನ ತಾಯಿಯೊಂದಿಗೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಒಂದು ಸೀಟಿಗೆ ಇಷ್ಟು ಸಿಟ್ಟೇ ಎಂದು ಏಕನಾಥ ಒಣ ರೊಟ್ಟಿ ಮುರಿದ.

ಮರುದಿನ ಕಚೇರಿಯಲ್ಲಿ ಮೇಲಧಿಕಾರಿ ಅಶೋಕಕುಮಾರ ಆತನನ್ನು ಕರೆದು, ತಾನೇ ಎದ್ದು ಬಾಗಿಲು ಮುಂದಕ್ಕೆ ಮಾಡಿ, ಫ್ಯಾನಿನ ಸದ್ದು ಹೆಚ್ಚಲೆಂದು ಅದನ್ನು ಜೋರು ಮಾಡಿ ಕೂತ.

"ಏಕನಾಥ, ನಾ ಕೇಳಿದ್ದು ಖರೇ ಏನೋ? ಜಪಾನ?"

"ಹೌದ್ರಿ ಸರ," ಎಂದ ಏಕನಾಥ, ಎದೆ ಸ್ವಲ್ಪ ಮುಂದಕ್ಕೆ ಮಾಡಿ. ಸುದ್ದಿ ಸಾಹೇಬರ ತನಕ ಮುಟ್ಟಿದ್ದು ಆತನಿಗೆ ಹಿತವಾಗಿತ್ತು.

"ಕಾಗದಪತ್ರ ಅದಾವಿಲ್ಲೋ?"

"ಅವಧಿ ಮುಗಿದದ್ರಿ. ಮುಂದಿನ ತಿಂಗಳ ಬೀದರಕ್ಕ ಒಯ್ದು ನವೀಕರಣ ಮಾಡಸ್ತೀನಿ."

"ಇದೆಲ್ಲಾ ಬೀದರದಾಗ ಆಗತದೇನು? ನಾ ದಿಲ್ಲಿ ತಿಳ್ಕೊಂಡಿದ್ದೆ."

"ಬೀದರದಾಗs ಆಗತದ್ರಿ. ಅವರು ಎಲ್ಲಾ ಬಡದು ನೋಡ್ತಾರ. ಹೊಗಿ ಎಷ್ಟು ಬಿಡ್ತಾಳ ಅಂತ ಹಿಂದ ನಳಿಗಿ ಹಚ್ಚಿ ನೋಡ್ತಾರ."

ಅಶೋಕಕುಮಾರ ಕನ್ನಡಕ ತೆಗೆದು ಒರೆಸಿಕೊಂಡ. ಸರಕಾರ ವಿದೇಶೀಯರನ್ನು ಇಷ್ಟು ಕೂಲಂಕಷವಾಗಿ ಪರೀಕ್ಷಿಸುತ್ತದೆಂದು ಆತನಿಗೆ ಗೊತ್ತಿರಲಿಲ್ಲ. "ನೋಡಪಾ, ನಾವು ಸರಕಾರಿ ನೌಕರರು. ಒಂದು ಇದ್ದಾಗ ಎರಡನೇದಕ್ಕ ಕೈ ಹಾಕಬೇಕಾದ್ರ ಸೇವಾ ನಿಯಮದಾಗ ಅನುಮತಿ ಬೇಕು."

ಏಕನಾಥನಿಗೆ ಇದು ಅನ್ಯಾಯವೆನಿಸಿತು. ಅವನಿಗಿದ್ದ ಮೊದಲನೆಯದು ಒಂದು ಸಣ್ಣ ಸ್ಕೂಟಿ. "ಎರಡನೇದಕ್ಕ ಅನುಮತಿ ಬೇಕೇನ್ರಿ ಸರ? ಮತ್ತ ನಿಮ್ಮ ಹಂತ್ಯಾಕ ಮೂರು ಇಲ್ಲೇನ್ರಿ? ಒಂದು ಮನ್ಯಾಗ, ಒಂದು ತ್ವಾಟದಾಗ, ಇನ್ನೊಂದು ಹುಮನಾಬಾದದಾಗ!"

ಫ್ಯಾನಿನಡಿಯಲ್ಲೂ ಅಶೋಕಕುಮಾರನ ಹಣೆಯ ಮೇಲೆ ಬೆವರೊಡೆಯಿತು. ಎದ್ದು ಬಾಗಿಲು ತೆರೆದು ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಿ ಬಂದ. "ಹುಮನಾಬಾದದ್ದು ನಿನಗ ಯಾರು ಹೇಳಿದ್ರೋ?" ಎಂದು ದನಿ ತಗ್ಗಿಸಿ ಕೇಳಿದ.

"ನಾನs ನೋಡೀನ್ರಿ. ಸಂತಿ ದಿನ ನೀವು ಬಿಳೇದರ ಮ್ಯಾಲೆ ಕುಂತು ಹೊಂಟಿದ್ರಿ."

ಏಕನಾಥ ಹೇಳಿದ್ದು ಸಾಹೇಬರ ಬಿಳಿ ಸ್ಕೂಟರಿನ ಮಾತು. ಸಾಹೇಬರು ಏನು ತಿಳಿದುಕೊಂಡರೋ ಅವರ ಆತ್ಮಕ್ಕೇ ಗೊತ್ತು. ಅಂದಿನಿಂದ ಅವರು ಏಕನಾಥನಿಗೆ ಬಹುವಚನ ಹಚ್ಚಿ ಮಾತಾಡತೊಡಗಿದರು. ಕೇಳದೆಯೇ ಎರಡು ದಿನ ರಜೆ ಮಂಜೂರಾಯಿತು.

ಆ ರಜೆಯ ಮೊದಲ ದಿನವೇ ಮನೆಯೆದುರು ಜೀಪು ಬಂದು ನಿಂತಿತು. ನಡೆಸುತ್ತಿದ್ದವನು ಉಜ್ವಲಾಳ ತಮ್ಮ ಅಂಬರೀಷ. ಪಕ್ಕದಲ್ಲಿ ಸುಮನಬಾಯಿ, ಅರವತ್ನಾಲ್ಕರ ಗಟ್ಟಿಮುಟ್ಟಾದ ಹೆಂಗಸು, ತೊಡೆಯ ಮೇಲೆ ಉಬ್ಬಿದ ಚೀಲ. ಆಕೆ ಇಳಿಯಲೂ ಇಲ್ಲ.

"ಅಳಿಯಾರ, ಹತ್ರಿ ಗಾಡಿ. ಆಕಿನ್ನ ತೋರಸ್ರಿ."

ಉಜ್ವಲಾ ಆಗಲೇ ಚಪ್ಪಲಿ ಮೆಟ್ಟಿ ತಯಾರಾಗಿದ್ದಳು. ಯಾರೂ ಕರೆಯದಿದ್ದರೂ ಮೀರಾಬಾಯಿ ಸಾಕ್ಷಿಯಾಗಿ ಹತ್ತಿ ಕೂತಳು. ಏಕನಾಥ ಹಿಂದಿನ ಸೀಟಿನ ಮೂಲೆಯಲ್ಲಿ ಮುದುಡಿದ. ಚೀಲದೊಳಗಿನಿಂದ ಹಸಿರು ಸೀರೆಯ ಅಂಚು, ಕುಪ್ಪಸದ ಖಣ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಒಂದು ತೆಂಗಿನಕಾಯಿ ಇಣುಕುತ್ತಿದ್ದವು. ಓಹೋ, ವಾಹನಪೂಜೆಗೆ ತಯಾರಾಗಿ ಬಂದಿದ್ದಾರೆ ಎಂದು ಆತನ ಜೀವ ಹಗುರಾಯಿತು. ಅತ್ತೆಗೆ ಎಲ್ಲವೂ ತಿಳಿದಿದೆ, ತಿಳಿದೂ ತೆಂಗಿನಕಾಯಿ ತಂದಿದ್ದಾಳೆ. ಎಂಥ ದೊಡ್ಡ ಮನಸ್ಸು!

ಸಸ್ತಾಪುರ ಬಂಗ್ಲಾ ದಾಟಿ ಜೀಪು ಹೆದ್ದಾರಿಗೆ ಬಿದ್ದಾಗ ಸುಮನಬಾಯಿ ಹಿಂದಿರುಗಿ ನೋಡಿದಳು.

"ಆಕಿನ್ನ ಒದೀತೀರಂತ?"

"ಒದೀಲಿಕ್ಕಂದ್ರ ಏಳೂದs ಇಲ್ರಿ ಅತ್ತಿಯವರ."

"ಹೆಣ್ಣು ಜೀವಕ್ಕ ಒದೀಬಾರದ್ರಿ. ಜಪಾನದಾಕಿ ಆದ್ರೇನು, ಆಕಿಗೂ ತಾಯಿ ಅದಾಳ, ತವರುಮನಿ ಅದ."

ಈ ಮಾತು ಏಕನಾಥನಿಗೆ ಬಹಳ ಹಿಡಿಸಿತು. ಗಾಡಿಯ ಬಗ್ಗೆ ಇಷ್ಟು ಆರ್ದ್ರವಾಗಿ ಲಾಲ್ ಅಹ್ಮದನೂ ಮಾತಾಡಿರಲಿಲ್ಲ. ಅತ್ತೆಯನ್ನು ಇನ್ನಷ್ಟು ಸಂತೋಷಪಡಿಸಲೆಂದು ಹೇಳಿದ, "ಹಂಗ ನೋಡಿದ್ರ ಮಾವನವರೂ ದಿನಾ ಮುಂಜಾನೆ ಒದೀತಿದ್ರಲ್ರಿ."

ಜೀಪು ಒಮ್ಮೆ ಓಲಾಡಿತು. ಅಂಬರೀಷ ಸ್ಟೇರಿಂಗ್ ಗಟ್ಟಿ ಹಿಡಿದ.

"ಯಾರು?" ಎಂದಳು ಸುಮನಬಾಯಿ.

"ಮಾವನವರು. ಆಕಿ ಅವರ ಕೈಯಾಗ ಭಾಳ ಛಲೋ ಇದ್ದಳ್ರಿ. ಅವರಿಗೆ ಆಕಿ ಮ್ಯಾಲೆ ಜೀವ. ಸಾಯೂ ಮುಂಚೆ ನನಗ ಗುಟ್ಟಾಗಿ ಹೇಳಿದ್ರು, ಆಕಿನ್ನ ಕೈ ಬಿಡಬ್ಯಾಡಪ್ಪ ಅಂತ."

ಸುಮನಬಾಯಿ ಮುಂದಕ್ಕೆ ತಿರುಗಿ ಕೂತಳು. ದಾರಿಯಲ್ಲಿ ರಾಜೇಶ್ವರ ಊರು ಬಂತು, ಹೋಯಿತು. ನಲವತ್ತು ವರ್ಷ ವಾರಕ್ಕೊಮ್ಮೆ ತೊಗರಿಯ ವ್ಯಾಪಾರಕ್ಕೆಂದು ಹುಮನಾಬಾದಿಗೆ ಹೋಗುತ್ತಿದ್ದ ಗಂಡ, ಹೋಗುವಾಗ ಹಚ್ಚಿಕೊಳ್ಳುತ್ತಿದ್ದ ಅತ್ತರು, ತಡವಾಗಿ ಬಂದಾಗ ಹೇಳುತ್ತಿದ್ದ ನೆಪಗಳು ಎಲ್ಲವೂ ಆಕೆಯ ಮುಖದ ಮೇಲೆ ಸಾಲಾಗಿ ಹಾದುಹೋದವು. ಮೀರಾಬಾಯಿ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು, ಒಂದು ತಲೆಮಾರಿನ ಸುದ್ದಿಗೆ ಬಂದು ಎರಡು ತಲೆಮಾರಿನದು ಸಿಕ್ಕಿದ ಸಂಭ್ರಮವನ್ನು ತಡೆದುಕೊಂಡಿದ್ದಳು.

ಗ್ಯಾರೇಜಿನ ಬಾಗಿಲಲ್ಲಿ ಲಾಲ್ ಅಹ್ಮದ್ ಕೈ ಒರೆಸಿಕೊಳ್ಳುತ್ತ ಎದುರು ಬಂದ. ಹಿಂದಿನ ಮನೆಯಿಂದ ಅವನ ಹೆಂಡತಿ ತಾಹೇರಾ ನೀರಿನ ತಂಬಿಗೆ ತಂದಳು.

"ಬರ್ರಿ ಬರ್ರಿ. ಆಕಿನ್ನ ನೋಡಾಕ ಬಂದ್ರೇನ್ರಿ? ಒಳಗ ಹೊಚ್ಚಿ ಇಟ್ಟೀನಿ. ಧೂಳಿ ಬೀಳಬಾರದು ನೋಡ್ರಿ."

"ಊಟಕ್ಕ ಏನ್ ಕೊಡ್ತೀಯಪ್ಪಾ ಆಕಿಗೆ?" ಎಂದು ಸುಮನಬಾಯಿ ಕೇಳಿದಳು.

"ತಿನ್ನೂದು ಏನೂ ಇಲ್ಲಮ್ಮಾ. ಬರೇ ಕುಡೀತಾಳ."

ಸುಮನಬಾಯಿ ಒಳಗೆ ನಡೆದಳು. ಮೂಲೆಯಲ್ಲಿ ತಾಡಪತ್ರಿ ಹೊದ್ದು ಏನೋ ಒಂದು ಬಾಗಿ ನಿಂತಿತ್ತು. ಗಂಡನ ಮೇಲಿನ ಸಿಟ್ಟನ್ನು ಆಕೆ ಬದಿಗಿಟ್ಟಳು. ರೊಟ್ಟಿಯ ಗಂಟನ್ನು ನೆಲದ ಮೇಲಿಟ್ಟು, ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು, "ಏಳವ್ವಾ ತಂಗಿ. ಹೆದರಬ್ಯಾಡ. ಯಾವ ಗಂಡಸಿನ ತಪ್ಪಿಗೂ ನೀ ಒಂದ ಕಾಲ ಮ್ಯಾಲೆ ನಿಂದ್ರಬ್ಯಾಡ. ನಾ ನಿನ್ನ ಊರಿಗೆ ಮುಟ್ಟಸ್ತೀನಿ."

ಏಕನಾಥನ ಕಣ್ಣಲ್ಲಿ ನೀರು ಬಂತು. ಇಂಥ ಪೂಜೆಯನ್ನು ಆತ ಎಲ್ಲಿಯೂ ನೋಡಿರಲಿಲ್ಲ. ಭಾವುಕನಾಗಿ ಮುಂದೆ ಬಂದು ಒಂದೇ ಏಟಿಗೆ ತಾಡಪತ್ರಿ ಎಳೆದ.

ಕಪ್ಪು ಬಣ್ಣ ಹೊಡೆದ, ಗುಂಡು ದೀಪದ, ಡುಬ್ಬದ ಸೀಟಿನ ಗಾಡಿಯೊಂದು ಸ್ಟ್ಯಾಂಡಿನ ಒಂದೇ ಕಾಲಿನ ಮೇಲೆ ವಾಲಿ ನಿಂತಿತ್ತು.

ಸುಮನಬಾಯಿ ಗಾಡಿಯ ಹಿಂದೆ ಬಗ್ಗಿ ನೋಡಿದಳು, ಯಾರೂ ಅಡಗಿರಲಿಲ್ಲ.

"ಎಲ್ಲಿ ಆಕಿ?"

"ಇದs ಅಲ್ರಿ ಆಕಿ!" ಎಂದರು ಏಕನಾಥ ಮತ್ತು ಲಾಲ್ ಅಹ್ಮದ್, ಒಟ್ಟಿಗೇ.

ಮೊದಲು ನಕ್ಕವನು ಅಂಬರೀಷ. ನಗುತ್ತ ನಗುತ್ತ ಟಯರುಗಳ ರಾಶಿಯ ಮೇಲೆ ಕುಸಿದು, "ಭಾವಜಿ, ಗಾಡಿ ಏನ್ರಿ? ಗಾಡೀನೇನ್ರಿ?" ಎಂದು ಹೊಟ್ಟೆ ಹಿಡಿದುಕೊಂಡ. ಉಜ್ವಲಾ ಗಂಡನನ್ನು ಒಮ್ಮೆ, ಗಾಡಿಯನ್ನು ಒಮ್ಮೆ ನೋಡಿ, ಅಳುವುದೋ ನಗುವುದೋ ತಿಳಿಯದೆ ತಾಹೇರಾಳ ಹೆಗಲಿಗೆ ತಲೆಯಿಟ್ಟಳು. "ನಾ ಮೊದಲs ಹೇಳಿದ್ದೆ, ಏನೋ ಗಡಬಡ ಅದ ಅಂತ," ಎಂದಳು ಮೀರಾಬಾಯಿ. ಏಕನಾಥನಿಗೆ ಅಂಬರೀಷ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಹೇಳಿದ್ದು ತಲೆಗೆ ಹೋಗಲು ಎರಡು ಸಲ ಬೇಕಾಯಿತು. ಒಣ ರೊಟ್ಟಿಯ ಅರ್ಥ, ಓಣಿಯವರ ಗೌರವದ ಅರ್ಥ, ಸಾಹೇಬರ ಬೆವರಿನ ಅರ್ಥ ಎಲ್ಲವೂ ಒಂದೊಂದಾಗಿ ಹೊಳೆದು ಅವನ ಮುಖ ಬಿಳಿಚಿತು.

ಎಲ್ಲರಿಗಿಂತ ಹಗುರಾದವಳು ಸುಮನಬಾಯಿ. ಅರ್ಧ ಗಂಟೆಯ ಹಿಂದೆ ಕಳೆದುಕೊಂಡಿದ್ದ ಗಂಡ ಆಕೆಗೆ ಮರಳಿ ಸಿಕ್ಕಿದ್ದ. ತೆಂಗಿನಕಾಯಿ ಎತ್ತಿಕೊಂಡು, "ನಮ್ಮವರು ಅಂಥವರಲ್ಲ ಅಂತ ನನಗ ಮೊದಲs ಗೊತ್ತಿತ್ತು!" ಎಂದು ಗಾಡಿಯ ಟ್ಯಾಂಕಿನ ಮೇಲೆ ಪ್ರೀತಿಯಿಂದ ಕೈಯಾಡಿಸಿದಳು. ಕೈ ಒಂದು ತಗ್ಗಿನ ಮೇಲೆ ನಿಂತಿತು. ಆ ತಗ್ಗು ಆಕೆಗೆ ಗೊತ್ತಿತ್ತು. ಒಂದು ಮಳೆಗಾಲ ಚುಳಕಿ ಹಳ್ಳದ ಹತ್ತಿರ ಗಂಡಹೆಂಡಿರಿಬ್ಬರೂ ಗಾಡಿ ಸಮೇತ ಬಿದ್ದಾಗ ಆದದ್ದು.

"ಇದು ಅವರ ಗಾಡಿ."

ಅಂಬರೀಷ ನಗು ನಿಲ್ಲಿಸಿದ.

"ನನ್ನ ಸೀಟ್ ಎಲ್ಲಿ?"

ಅತಿಥಿಸತ್ಕಾರದಲ್ಲಿ ಲಾಲ್ ಅಹ್ಮದನನ್ನು ಮೀರಿಸುವವರಿಲ್ಲ. ಹಿರಿಯ ಹೆಂಗಸು ಇಷ್ಟು ಹೊತ್ತು ನಿಂತೇ ಇದ್ದಾಳೆಂದು ಅವನಿಗೆ ಆಗಲೇ ಕಸಿವಿಸಿ. ಓಡಿಹೋಗಿ ತಾನು ದಿನವೂ ಕೂರುವ ಪೀಠವನ್ನು ತಂದು ಆಕೆಯ ಮುಂದಿಟ್ಟ. ಲಾರಿಯ ಚಕ್ರದ ರಿಮ್ಮಿನ ಮೇಲೆ ಒಂದು ಉದ್ದನೆಯ ಸೀಟನ್ನು ಕೂಡಿಸಿ ಮಾಡಿದ ಪೀಠ. ಸೀಟಿಗೆ ನೀಲಿ ರೆಕ್ಸಿನ್ ಇತ್ತು. "ಕೂಡ್ರಿ ಅಮ್ಮಾ. ಭಾಳ ಮೆತ್ತಗದ. ಎಂಟು ತಿಂಗಳಿಂದ ಇದರ ಮ್ಯಾಲೆ ಕುಂತು ನನ್ನ ಮೂಲವ್ಯಾಧಿನೇ ಹೋತು."

ಸುಮನಬಾಯಿ ಕೂರಲಿಲ್ಲ. ಜಪಾನಿನವಳೊಬ್ಬಳು ಇದ್ದಿದ್ದರೂ ಏಕನಾಥನ ಸ್ಥಿತಿ ಇಷ್ಟು ಕೆಟ್ಟಿರುತ್ತಿರಲಿಲ್ಲ. "ಜಾಳಿಗಿ?" ಎಂದಳು ಆಕೆ. ಲಾಲ್ ಅಹ್ಮದ್ ಕಿಟಕಿಯತ್ತ ಬೆರಳು ತೋರಿಸಿದ. ಕಮಲದ ಜಾಳಿಗೆಯನ್ನು ಕಿಟಕಿಗೆ ಬಡಿದು, ಅದರ ಮೇಲೆ ಕೈ ಒರೆಸುವ ಬಟ್ಟೆ ಒಣಹಾಕಿದ್ದರು.

"ಅಳಿಯಾರ," ಎಂದಳು ಸುಮನಬಾಯಿ. ದನಿ ಬಹಳ ಮೆಲ್ಲಗಿತ್ತು. ಉಜ್ವಲಾ ಎರಡು ಹೆಜ್ಜೆ ಹಿಂದೆ ಸರಿದಳು. ತಾಯಿಯ ದನಿ ಮೆಲ್ಲಗಾದರೆ ಏನಾಗುತ್ತದೆಂದು ಆಕೆಗೆ ತಿಳಿದಿತ್ತು.

ಏಕನಾಥನಿಗೆ ಉಳಿದದ್ದು ಒಂದೇ ದಾರಿ: ಗಾಡಿಯ ಅಂದವನ್ನು ತೋರಿಸಿ ಮನಸ್ಸು ಗೆಲ್ಲುವುದು. "ಅತ್ತಿಯವರ, ಒಂದು ಸಲ ನೋಡ್ರಿ, ಇದರ ಮ್ಯಾಲೆ ಕುಂತ್ರ ಮನಶಾ ಹ್ಯಾಂಗ ಕಾಣತಾನ ಅಂತ," ಎಂದು ಹಾರಿ ಕೂತ. ಹಾರಿ ಕೂತ ಭರಕ್ಕೆ ಎದೆಯೇನೋ ಉಬ್ಬಿತು. ಹ್ಯಾಂಡಲ್ ಎಲ್ಲೋ ಪಾತಾಳದಲ್ಲಿತ್ತು. ಅದನ್ನು ಹಿಡಿಯಲೆಂದು ವಿಡಿಯೊದ ಮುದುಕನಂತೆ ಮುಂದಕ್ಕೆ ಬಾಗಿದ. ಆಗ ಆತನ ಬೆನ್ನಿನೊಳಗೆ, ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತು ಕೂತು ಮೆತ್ತಗಾಗಿದ್ದ ಜಾಗದಲ್ಲಿ, 'ಕಟಕ್' ಎಂದಿತು. ಸದ್ದನ್ನು ತಾಹೇರಾ ಕೂಡ ಕೇಳಿದಳು, ಆದರೆ ಗಾಡಿಯದೆಂದುಕೊಂಡಳು.

ಏಕನಾಥ ಹೇಗೋ ಒಂದು ಕಾಲು ಇಳಿಸಿದ, ಇನ್ನೊಂದು ಇಳಿಸಿದ. ಬಾಗಿದ ಬೆನ್ನು ಬಾಗಿದ ಹಾಗೇ ಉಳಿಯಿತು. ಆಸರೆಗೆಂದು ಕೈ ಚಾಚಿ, ಅದೂ ಸಿಗದೆ, ಎರಡು ಹೆಜ್ಜೆ ತಡವರಿಸಿ ಮಂಡಿಯೂರಿದ. ಎರಡೂ ಕೈ ನೇರವಾಗಿ ಸುಮನಬಾಯಿಯ ಪಾದದ ಮೇಲೆ ಬಿದ್ದವು. ಹಣೆ ನೆಲಕ್ಕೆ ನಾಲ್ಕು ಬೆರಳು ಉಳಿದಿತ್ತು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

ಗ್ಯಾರೇಜಿನಲ್ಲಿದ್ದವರೆಲ್ಲ ಸುತ್ತ ನೆರೆದರು.

"ಏಳ್ರಿ," ಎಂದಳು ಸುಮನಬಾಯಿ.

ಏಕನಾಥ ಏಳಲಿಲ್ಲ.

"ಸಾಕು, ಏಳ್ರಿ. ಮಂದಿ ನೋಡಾಕತ್ತಾರ."

"ಆಗವಲ್ದು..." ಎಂದು ನೆಲದಿಂದ ಕ್ಷೀಣ ದನಿ ಬಂತು.

"ನೋಡು ಉಜ್ವಲಾ, ಏಳಾಕ ಮನಸ್ಸಾಗವಲ್ದಂತ!" ಸುಮನಬಾಯಿ ಮಗನತ್ತ ನೋಡಿದಳು. "ನನ್ನ ಹೊಟ್ಟೀಲೆ ಹುಟ್ಟಿದವನು ಒಂದು ದಿನ ಹಿಂಗ ಕಾಲಿಗೆ ಬಿದ್ದಿಲ್ಲ." ಅಂಬರೀಷ ಮುಖ ಬೇರೆಡೆ ತಿರುಗಿಸಿದ. ಮೀರಾಬಾಯಿ ಕಣ್ಣೊರೆಸಿಕೊಂಡಳು. ಲಾಲ್ ಅಹ್ಮದ್ ಟೋಪಿ ಸರಿಮಾಡಿಕೊಂಡು, ಇಂಥ ಅಳಿಯ ಎಲ್ಲರಿಗೂ ಸಿಗಲಿ ಎಂದು ದುವಾ ಮಾಡಿದ.

"ಮಾಫ್ ಮಾಡೀನಿ ನಡೀರಿ," ಎಂದು ಸುಮನಬಾಯಿ ಬಾಗಿ ಅಳಿಯನ ಎರಡೂ ರಟ್ಟೆ ಹಿಡಿದು ವಾತ್ಸಲ್ಯದಿಂದ ಮೇಲೆತ್ತಿದಳು. ಆಗ ಏಕನಾಥ ಕೂಗಿದ ಕೂಗು ಹೆದ್ದಾರಿಯ ಆಚೆಯ ಧಾಬಾಕ್ಕೆ ಕೇಳಿ, ಊಟಕ್ಕೆ ಕೂತಿದ್ದ ಲಾರಿ ಚಾಲಕರು ಎದ್ದು ಬಂದರು.

ಅತ್ತೆ ಮಾತ್ರ ಕೊಟ್ಟ ಕ್ಷಮೆಯನ್ನು ಹಿಂದಕ್ಕೆ ಪಡೆಯಲಿಲ್ಲ. ಅಲ್ಲೇ ತೀರ್ಪೂ ಆಯಿತು. ಸೀಟು ಹಿಂದಕ್ಕೆ ಬರಬೇಕು, ಜಾಳಿಗೆ ಕಿಟಕಿಯಿಂದ ಇಳಿಯಬೇಕು. "ಕೊಯ್ದದ್ದು ಬೆಸುಗಿ ಹಾಕ್ತೀನಮ್ಮಾ, ಲಾರಿ ಚಾಸಿ ಕೂಡಿಸಿದವ ನಾ," ಎಂದ ಲಾಲ್ ಅಹ್ಮದ್. ಹಸಿರು ಸೀರೆಯನ್ನು ತಾಹೇರಾಳ ಮಡಿಲಿಗೆ ಹಾಕಿದರು. ಜಪಾನಿನವಳಿಗೆಂದು ತಂದ ರೊಟ್ಟಿಯನ್ನು ಎಲ್ಲರೂ ಕೂತು ತಿಂದರು. ಏಕನಾಥನನ್ನು ಅಡ್ಡ ಮಲಗಿಸಿ ಉಜ್ವಲಾ ತಿನ್ನಿಸಿದಳು. ಮೊದಲ ತುತ್ತು ಕೊಡುವಾಗ ಮೆಲ್ಲಗೆ ಕೇಳಿದಳು, "ನನಗ ಬಸ್ಸದ ಅಂದ್ರಲ್ಲಾ ಅವತ್ತ?"

"ಗಾಡಿ ಬಗ್ಗೆ ಅಂದಿದ್ದೆ."

"ಅದಕ್ಕs ನನಗ ಈಗ ಹೆಚ್ಚು ಸಿಟ್ಟು ಬಂದದ್ದು," ಎಂದು ಎರಡನೆಯ ತುತ್ತನ್ನು ಸ್ವಲ್ಪ ಜೋರಾಗಿಯೇ ಬಾಯಿಗಿಟ್ಟಳು.

ಮೂರು ವಾರದ ನಂತರ ಗಾಡಿ ತಯಾರಾಯಿತು. ಮುಂದಿನಿಂದ ನೋಡಿದರೆ ಇಂಗ್ಲೆಂಡು, ಹಿಂದಿನಿಂದ ನೋಡಿದರೆ ಹುಲಸೂರು. ನೀಲಿ ಸೀಟು, ಕಮಲದ ಜಾಳಿಗೆ, ಬಸವಕಲ್ಯಾಣದ ಲಾರಿ ಪೇಂಟರನ ಕೈಯಿಂದ ಟ್ಯಾಂಕಿನ ಮೇಲೆ ಎರಡು ನವಿಲು. ಅದನ್ನು ತರಲು ಏಕನಾಥ, ಉಜ್ವಲಾ, ಸುಮನಬಾಯಿ ಮೂವರೂ ಬಸ್ಸಿನಲ್ಲಿ ಹುಮನಾಬಾದಿಗೆ ಬಂದರು. ಏಕನಾಥನ ಸೊಂಟಕ್ಕೆ ಡಾಕ್ಟರು ಬಿಗಿದ ಅಂಗೈಯಗಲದ ಪಟ್ಟಿಯಿತ್ತು, ಅತ್ತೆ ಎತ್ತಿದಾಗ ಉಳುಕಿದ ಕೊರಳಿಗೂ ಒಂದು. ಆರು ತಿಂಗಳು ಮೋಟರ್‌ಸೈಕಲ್ ಮುಟ್ಟಕೂಡದು ಎಂದಿದ್ದರು.

"ಹಂಗಾರ ಯಾರು ಹೊಡೀತಾರ?" ಎಂದು ಲಾಲ್ ಅಹ್ಮದ್ ಕೇಳಿದ.

ಉಜ್ವಲಾ ದುಪ್ಪಟ್ಟಾವನ್ನು ನಡುವಿಗೆ ಬಿಗಿದಳು. ಒಂದೇ ಒದೆತಕ್ಕೆ ಗಾಡಿ ಎದ್ದಿತು. ಏಕನಾಥ ಬಾಯಿ ತೆರೆದು ನಿಂತ.

"ನಿನಗ ಯಾವಾಗ ಬಂತು ಇದು?"

"ಹತ್ತನೇ ಇಯತ್ತೆ ಪಾಸಾದಾಗ ಅಪ್ಪಾಜಿ ಕಲಿಸಿದ್ರು. ಲೈಸೆನ್ಸೂ ಅದ."

"ನನಗ ಒಂದು ದಿನಾನೂ ಹೇಳಿಲ್ಲ."

"ನೀವು ಒಂದು ದಿನಾನೂ ಕೇಳಿಲ್ಲ," ಎಂದು ಆಕೆ ಹೆಲ್ಮೆಟ್ಟಿನ ಗುಂಡಿ ಹಾಕಿಕೊಂಡಳು. ಸುಮನಬಾಯಿ ನೀಲಿ ಸೀಟಿನ ಮೇಲೆ ಒಂದು ಕಡೆಗೆ ಕಾಲು ಹಾಕಿ ಕೂತು, ತಾನೂ ಹೆಲ್ಮೆಟ್ ತೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಗಳ ಹೆಗಲು ಹಿಡಿದಳು. ಅಳಿಯನ ಕೈಗೆ ಚೀಲ ಕೊಟ್ಟು, "ಹಗೂರ ಬರ್ರಿ ಅಳಿಯಾರ, ಬಸ್ಸಿನಾಗ ಬೆನ್ನು ಜ್ವಾಕಿ," ಎಂದಳು. ಗಾಡಿ ಹೆದ್ದಾರಿಯ ಧೂಳಿನಲ್ಲಿ ಮರೆಯಾಗುವತನಕ ಲಾಲ್ ಅಹ್ಮದ್ ಕೈ ಬೀಸಿದ.

ಬಸ್ಸಿನಲ್ಲಿ ಏಕನಾಥನಿಗೆ ಚಾಲಕನ ಹಿಂದಿನ ಸೀಟು ಸಿಕ್ಕಿತು. ಕಿಟಕಿಯ ಪಕ್ಕದಲ್ಲಿ ಬೇಮಳಖೇಡದ ಕಡೆಯ ರೈತನೊಬ್ಬ ಕೂತಿದ್ದ. ರಾಜೇಶ್ವರದಲ್ಲಿ ಬಸ್ಸು ಹೊರಡುವುದಕ್ಕೂ, ಹಿಂದಿನಿಂದ ಗಾಡಿಯ ಖಡಕ್ ದನಿಯೊಂದು ಬರುವುದಕ್ಕೂ ಸರಿಹೋಯಿತು. ತಾಯಿಮಗಳು ಅಲ್ಲಿ ಯಾರನ್ನೋ ಮಾತಾಡಿಸಲು ನಿಂತಿದ್ದರೆಂದು ಕಾಣುತ್ತದೆ.

"ಅರರರ! ನೋಡ್ರಿ ನೋಡ್ರಿ!" ಎಂದ ರೈತ ಕಿಟಕಿಯಿಂದ ತಲೆ ಹೊರಹಾಕಿ. "ಹೆಣ್ಮಗಳು ನೋಡ್ರಿ ಹ್ಯಾಂಗ ಹೊಡಿಯಾಕತ್ತಾಳ! ಹಿಂದ ಒಬ್ಬ ಮುದುಕಿ, ಎರಡೂ ಕೈ ಬಿಟ್ಟು ನಗಾಕತ್ತಾಳ!"

ಏಕನಾಥ ತಿರುಗಲು ನೋಡಿದ. ಕೊರಳಪಟ್ಟಿ ಬಿಡಲಿಲ್ಲ. ಕೊರಳು ತಿರುಗದೆಂದು ಇಡೀ ಮೈಯನ್ನೇ ತಿರುಗಿಸುವಷ್ಟರಲ್ಲಿ ಕಿಟಕಿಯ ಹೊರಗೆ ನೀಲಿ ಹೊಗೆಯಷ್ಟೇ ಉಳಿದಿತ್ತು.

"ನೋಡಿದ್ರೇನ್ರಿ?"

"ನೋಡಿದೆ," ಎಂದ ಏಕನಾಥ. ಹೆಮ್ಮೆಯಿಂದ ಸುಮ್ಮನಿರಲಾಗಲಿಲ್ಲ. "ಆ ಹೆಣ್ಮಗಳು ನನ್ನ ಹೆಂಡತಿರಿ. ಹಿಂದ ಕುಂತಾಕಿ ನಮ್ಮ ಅತ್ತಿ."

ರೈತ ತಲೆಯನ್ನು ಒಳಗೆಳೆದುಕೊಂಡ. ಏಕನಾಥನ ಕೊರಳಪಟ್ಟಿ ನೋಡಿದ, ಸೊಂಟದ ಪಟ್ಟಿ ನೋಡಿದ, ತೊಡೆಯ ಮೇಲಿನ ಹೆಂಗಸರ ಚೀಲ ನೋಡಿದ. ಅವನ ಮುಖದಲ್ಲಿ ಕರುಣೆ ಮೂಡಿತು. ಎದ್ದು ನಿಂತು, ಎರಡೂ ಕೈಯಿಂದ ಹಗುರಾಗಿ ಹಿಡಿದು ಏಕನಾಥನನ್ನು ಕಿಟಕಿಯ ಕಡೆಗೆ ಸರಿಸಿದ.

"ಇಲ್ಲಿ ಕೂಡ್ರಿ ಅಣ್ಣಾರ. ಸ್ವಲ್ಪ ಗಾಳಿ ಆಡ್ಲಿ. ಎಲ್ಲಾ ಸರಿ ಆಗತದ."

ಇದು ಹೆಂಡತಿಯ ಏಟಲ್ಲ ಎಂದು ಏಕನಾಥ ವಾದಿಸಲಿಲ್ಲ. ಅಜ್ಜಾರ ಎನ್ನಬಹುದಾಗಿದ್ದ ಜಾಗದಲ್ಲಿ ರೈತ ಅಣ್ಣಾರ ಎಂದಿದ್ದ, ಗಾಳಿಯೂ ಚೆನ್ನಾಗಿ ಬರುತ್ತಿತ್ತು.